ಭಾವನ ಕೀಬೋರ್ಡು, ನನ್ನ ಕಪಾಟು

ನನ್ನ ಭಾವನ ಮೊದಲ ಕೀಬೋರ್ಡು ಊರಿಗೆ ಬಂದದ್ದು ಮೀನಿನ ಲಾರಿಯಲ್ಲಿ. ಗೋವಾಕ್ಕೆ ಬಂಗುಡೆ ಹೊತ್ತು ಹೋಗಿ ಖಾಲಿಯಾಗಿ ಮರಳುತ್ತಿದ್ದ ಲಾರಿ ಅದು. ಡ್ರೈವರನ ಸೀಟಿನ ಹಿಂದೆ ಕಂಬಳಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ ತಂದಿದ್ದರು. ಭಾವ ಅದನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಿಂದ ಕಡಲ ಕಡೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಜನ ಅಂಗಳಕ್ಕೆ ಬಂದು ನೋಡಿದರು. ನಾನೂ ನೋಡಿದೆ.

ಅದು ತೊಂಬತ್ತೇಳರ ಮಾತು. ನಾನು ಕುಂದಾಪುರದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಭಾವ ಎಂದರೆ ನನ್ನ ಸೋದರಮಾವನ ಮಗ. ಕೆಲವು ವರ್ಷಗಳ ನಂತರ ನನ್ನ ತಂಗಿಯನ್ನೇ ಮದುವೆಯಾಗಿ ಎರಡು ಕಡೆಯಿಂದಲೂ ಭಾವನಾದ. ಎಂಟನೇ ತರಗತಿಗೆ ಶಾಲೆ ಬಿಟ್ಟು ಬೋಟಿಗೆ ಹೋದವನು. ಗಂಗೊಳ್ಳಿಯಲ್ಲಿ ದೊಡ್ಡ ಸುತ್ತುಬಲೆ ಹಾಕುವ ಪರ್ಸಿನ್ ಬೋಟಿನಲ್ಲಿ ಅವನ ಕೈಗುಣಕ್ಕೆ ಮೀನು ಬೀಳುತ್ತದೆ ಎಂದು ಹೇಳುವವರಿದ್ದರು. ಅವನ ಕೈ ಸಂಗೀತದಲ್ಲೂ ಹಾಗೆಯೇ. ಯಾರೂ ಕಲಿಸದೆ, ಯಾವುದನ್ನು ಮುಟ್ಟಿದರೂ ಅದು ನುಡಿಯುತ್ತಿತ್ತು. ನಾನು ವಾರಕ್ಕೆರಡು ಸಂಜೆ ನಿವೃತ್ತ ಮೇಷ್ಟರೊಬ್ಬರ ಮನೆಗೆ ಹೋಗಿ, ಅವರ ಬೈಗುಳ ತಿಂದು, ಹಾರ್ಮೋನಿಯಂ ಕಲಿತವನು. ಕಲಿತದ್ದು ಮರೆತು ಹೋಗಬಾರದೆಂದು ಊಟ ಮಾಡುವಾಗಲೂ ಬಟ್ಟಲಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದೆ.

ಬೈಂದೂರಿನಿಂದ ತೆಂಕಿಗೆ, ಹೆದ್ದಾರಿಗೂ ಕಡಲಿಗೂ ನಡುವಿನ ನಮ್ಮ ಕೇರಿಯಲ್ಲಿ ಒಂದು ಭಜನಾ ಮಂದಿರ ಇದೆ. ಕಡಲಿಗೆ ಹೋಗುವವರ ಪ್ರತಿ ಕೇರಿಯಲ್ಲೂ ಇಂಥದ್ದೊಂದು ಇರುತ್ತದೆ. ಶನಿವಾರ ಸಂಜೆ ಎಲ್ಲರೂ ಸೇರಿ ಹಾಡುವುದು. ಗಂಡಸರು ಮುಂದೆ, ಹೆಂಗಸರು ತಾಳ ಹಿಡಿದು ಹಿಂದೆ. ದೇವರ ಫೋಟೋದ ಎದುರು, ಮೈಕಿನ ಹತ್ತಿರ, ಹಾರ್ಮೋನಿಯಂ ಇಡುವ ಜಾಗವೊಂದಿತ್ತು. ಆ ಜಾಗ ನನ್ನದು. ಹಾಗೆ ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ನಾನು ತಡವಾಗಿ ಬಂದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಮುಚ್ಚಿಹೋದ ನಾಟಕ ಕಂಪನಿಯೊಂದರಿಂದ ಅಪ್ಪಯ್ಯ ತಂದುಕೊಟ್ಟ ಹಳೆಯ ಹಾರ್ಮೋನಿಯಂ ಪೆಟ್ಟಿ ನನ್ನದು. ಕಪ್ಪು ಎರಡರ ಶ್ರುತಿಯಲ್ಲಿ ಅದರ ಒಂದು ಮನೆ, ಬೆರಳೊತ್ತುವ ಪಟ್ಟಿ, ಸ್ವಲ್ಪ ಕೆಮ್ಮುತ್ತಿತ್ತು. ಅದನ್ನು ತಪ್ಪಿಸಿ ನುಡಿಸುವುದು ನನಗೆ ಅಭ್ಯಾಸವಾಗಿತ್ತು.

ಕೀಬೋರ್ಡು ಬಂದ ಶನಿವಾರ ಭಾವ ಅದನ್ನು ಸೀದಾ ನನ್ನ ಪಕ್ಕಕ್ಕೆ ತಂದಿಟ್ಟ.

"ಹ್ವಾಯ್ ಭಾವ, ಒಂಚೂರ್ ಆಚಿಗ್ ಸರಿ ಕಾಂಬ. ಇದ್ ಸುಮಾರ್ ಉದ್ದ ಇತ್ತ್."

ಸರಿದೆ. ಒಂದು ಗೇಣು ಸರಿದದ್ದು ಅಷ್ಟೇ. ಆದರೆ ಮೈಕು ಈಗ ಅವನ ಬಾಯಿಯ ಎದುರಿಗಿತ್ತು. ಅವನು ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದಕ್ಕೆ ಪಿಟೀಲು, ಮತ್ತೊಂದಕ್ಕೆ ಗಂಟೆ. ಹೆಂಗಸರು ಹಾಡು ಬಿಟ್ಟು ನಕ್ಕರು. ಕೇರಿಯ ಹಿರಿಯರಾದ ಗುರಿಕಾರರು ಕಣ್ಣು ಮುಚ್ಚಿ ತಲೆದೂಗಿದರು. ಹಾರ್ಮೋನಿಯಂಗೆ ಅವರು ಅಷ್ಟು ದಿನ ತೂಗಿದ್ದು ಇದರ ಅರ್ಧವೂ ಅಲ್ಲ ಎಂದು ನನಗೆ ಆಗಲೇ ಲೆಕ್ಕ ಸಿಕ್ಕಿತು.

"ನಿನ್ ಪೆಟ್ಟಿಗೆ ದಮ್ಮಿನ ಕಾಯ್ಲೆ ಅಲ್ದಾ ಭಾವ? ಎಷ್ಟ್ ಗಾಳಿ ಹಾಕ್ರೂ ಸಾಕಾತಿಲ್ಲೆ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಭಾವಂದಿರ ನಡುವೆ ಇಂಥ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಅದು ನಮ್ಮಲ್ಲಿ ಮರ್ಯಾದೆ ಅಲ್ಲ.

ಅಂದಿನಿಂದ ಶುರುವಾಯಿತು ನನ್ನ ಕೊಳ್ಳುವ ಚಾಳಿ. ಕಾಲೇಜು ಮುಗಿದು ಬ್ರಹ್ಮಾವರದ ಒಂದು ಸೊಸೈಟಿಯಲ್ಲಿ ಗುಮಾಸ್ತನಾದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು ಕುಂದಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ಸು ಬದಲಿಸುವ ಜಾಗಕ್ಕೆ ಹತ್ತಿರದಲ್ಲೇ ವಾದ್ಯದ ಅಂಗಡಿಯೊಂದಿತ್ತು. ಮುಂದಿನ ಬಸ್ಸು ಬರುವವರೆಗೆ ಅಲ್ಲಿ ನಿಂತು ನೋಡುವುದು, ನೋಡಿದ್ದನ್ನು ಮುಟ್ಟುವುದು, ಮುಟ್ಟಿದ್ದನ್ನು ತರುವುದು. ಭಾವ ಕೀಬೋರ್ಡು ತಂದ, ನಾನು ವಿದ್ಯುತ್ತಿನ ಶ್ರುತಿ ಪೆಟ್ಟಿಗೆ ತಂದೆ. ಅವನು ತಾಮ್ರದ ಡಗ್ಗದ ತಬಲ ಜೋಡಿ ತಂದಾಗ ತಬಲದ ಒಂದು ಬೋಲೂ ಬಾರದ ನಾನು ಹಿತ್ತಾಳೆಯ ಜೋಡಿ ತಂದೆ. ಅವನಿಗೆ ಮಳೆಗಾಲ ಮುಗಿದು ಬೋಟು ಕಡಲಿಗೆ ಇಳಿದರೆ ಸಾಕು, ಮೊದಲ ಒಳ್ಳೆ ಬಲೆ ಬಿದ್ದ ಮರುದಿನ ಏನೋ ಒಂದು ಬರುತ್ತಿತ್ತು: ಮಾತು ಗುಂಯ್‌ಗುಡುವ ಎಕೋ ಮಿಕ್ಸರು, ಮಡಚುವ ಸ್ಟ್ಯಾಂಡು, ಇನ್ನೂ ದೊಡ್ಡ ಕೀಬೋರ್ಡು. ಬಲೆ ಹರಿದರೆ ಹೊಸ ಬಲೆ ತಂದಷ್ಟೇ ಹಗುರಾಗಿ ತರುತ್ತಿದ್ದ. ಅವನ ಆ ಹಗುರತನವೇ ನನ್ನನ್ನು ಸುಡುತ್ತಿದ್ದುದು. ನಾನು ಒಂದು ವಯರ್ ತರಬೇಕಾದರೂ ತಿಂಗಳುಗಟ್ಟಲೆ ಯೋಚಿಸಿ, ತಂದ ಮೇಲೆ ತಿಂಗಳುಗಟ್ಟಲೆ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ನನ್ನ ಸಾಮಾನುಗಳೆಲ್ಲ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದವು. ಕಡಲ ಉಪ್ಪು ಗಾಳಿಗೆ ಅಲ್ಲೂ ತುಕ್ಕು ಹಿಡಿಯುತ್ತದೆ. ಹಾರ್ಮೋನಿಯಂ ಒಳಗೆ ಅಂಟಿಸುವ ಪುಟ್ಟ ಮೈಕು ಹೊರಗೆ ತೆಗೆದಾಗ ಅದರ ಮುಖವೇ ಹಸಿರಾಗಿತ್ತು. ಒರೆಸಿ ಮತ್ತೆ ಒಳಗಿಟ್ಟೆ.

"ಕಪಾಟಂಗೆ ಇಟ್ರೆ ಅದ್ ತನ್ನಷ್ಟಕ್ ಪದ ಹೇಳತ್ತಾ?" ಎಂದು ಅಮ್ಮ ಕೇಳುತ್ತಿದ್ದಳು.

ತಂಗಿ ಇನ್ನೂ ಚೂಪು. ಮದುವೆಯಾಗಿ ನಾಲ್ಕು ಮನೆ ಆಚೆ ಇದ್ದವಳು, ನನ್ನ ಕಪಾಟಿನ ಬಾಗಿಲು ತೆರೆದದ್ದು ಕಂಡು ಒಮ್ಮೆ ಹೇಳಿದಳು: "ಅಣ್ಣ, ನಿಂಗೂ ಅವ್ರಿಗೂ ಒಂದೇ ಕಾಯ್ಲೆ. ಅವ್ರ್ದ್ ಊರಿಗೆಲ್ಲ ಕಾಣತ್ತ್, ನಿಂದ್ ಕಪಾಟಂಗಿತ್ತ್, ಅಷ್ಟೇ."

"ನಂದ್ ಹಾಂಗಲ್ಲ. ನಾ ಬೇಕಾದ್ದ್ ಮಾತ್ರ ತಕಂಬುದ್."

"ಹೌದೌದ್. ಎರಡ್ ತಬಲ ಇತ್ತಲೆ, ಬಾರ್ಸ್ ಕಾಂಬ?"

ಕಪಾಟಿನ ಬಾಗಿಲು ಹಾಕಿದೆ. ಆದರೆ ಆ ರಾತ್ರಿ ಮಲಗಿದಾಗ ನನಗೆ ಹೊಳೆದದ್ದು, ಇನ್ನು ಚಿಕ್ಕಪುಟ್ಟದ್ದರಿಂದ ಆಗುವುದಿಲ್ಲ, ಅವನದ್ದಕ್ಕಿಂತ ದೊಡ್ಡ ಕೀಬೋರ್ಡೇ ತರಬೇಕು ಎಂದು. ಅಂಗಡಿಯಿಂದ ಬಣ್ಣದ ಕ್ಯಾಟಲಾಗು ತಂದು ಬ್ಯಾಗಿನಲ್ಲಿಟ್ಟುಕೊಂಡೆ. ಸೊಸೈಟಿಯಲ್ಲಿ ಊಟದ ಹೊತ್ತಿಗೆ ಅದನ್ನು ಬಿಡಿಸಿ ನೋಡುತ್ತಿದ್ದೆ. ಯಾವುದನ್ನು ತರಬೇಕೆಂದು ಗೊತ್ತು ಮಾಡಿಯೂ ಆಗಿತ್ತು.

ಅಷ್ಟರಲ್ಲಿ ಆ ಏಕಾಹ ಬಂತು.

ಏಕಾಹ ಭಜನೆ ಎಂದರೆ ಒಂದು ದಿನ ಸೂರ್ಯೋದಯಕ್ಕೆ ದೀಪ ಹಚ್ಚಿ ಆರಂಭಿಸಿದ್ದನ್ನು ಮರುದಿನದ ಸೂರ್ಯೋದಯದವರೆಗೆ ನಿಲ್ಲಿಸದೆ ಹಾಡುವುದು. ಒಂದೇ ಊರಿನವರಿಗೆ ಅದು ಆಗುವ ಕೆಲಸವಲ್ಲ. ಸುತ್ತಲಿನ ಮಂದಿರಗಳ ತಂಡಗಳು ಸರದಿಯಲ್ಲಿ ಬರುತ್ತವೆ. ಇದರಲ್ಲಿ ಒಂದೇ ಒಂದು ಕಟ್ಟುನಿಟ್ಟು: ಸೊಲ್ಲು ತುಂಡಾಗಬಾರದು. ಮುಗಿಸುವ ತಂಡದವರು ಕೊನೆಯ ಸಾಲನ್ನೇ ತಿರುತಿರುಗಿ ಹೇಳುತ್ತಿರುತ್ತಾರೆ. ಬರುವ ತಂಡದವರು ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಬಂದು, ಅವರ ಮಗ್ಗುಲಲ್ಲೇ ಕೂತು, ಅದೇ ಶ್ರುತಿ ಹಿಡಿದು, ಅದೇ ಸಾಲನ್ನು ಎತ್ತಿಕೊಳ್ಳಬೇಕು. ಇವರ ಧ್ವನಿ ನೆಲೆಯಾದ ಮೇಲೆಯೇ ಅವರು ಏಳುವುದು. ಅಲ್ಲಿ ಯಾರಿಗೆ ಕೆಮ್ಮು ಬಂದರೂ, ಸೊಳ್ಳೆ ಕಚ್ಚಿದರೂ ಹಾಡುತ್ತಲೇ ಇರಬೇಕು.

ಆ ಏಕಾಹ ನಡೆದದ್ದು ಶಿರೂರಿನ ಕಡೆಯ ಒಂದು ಕಡಲ ದಂಡೆಯ ಮಂದಿರದಲ್ಲಿ. ನಮ್ಮ ಸರದಿ ಬೆಳಗಿನ ಹತ್ತು ಗಂಟೆಗೆ. ಅಕಾಲದ ಮಳೆ ಬಿದ್ದು ಆಗಷ್ಟೇ ನಿಂತಿತ್ತು. ಅಂಗಳವೆಲ್ಲ ಕೆಸರು. ಬಾಗಿಲಲ್ಲಿ ಇಟ್ಟಿದ್ದ ಹಂಡೆಯ ನೀರಿನಲ್ಲಿ ಎಲ್ಲರೂ ಮೊಣಕಾಲಿನವರೆಗೆ ಕಾಲು ತೊಳೆದೆವು. ಒರೆಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ, ಒರೆಸಿಕೊಳ್ಳುವ ಪದ್ಧತಿಯೂ ಇಲ್ಲ. ಒದ್ದೆ ಕಾಲಿನಲ್ಲೇ ಸಿಮೆಂಟಿನ ನೆಲದ ಮೇಲೆ ನಡೆದು ಹೋಗಿ ಕೂರುವುದು. ಮೊದಲು ಕೂತವರ ಕಾಲಿನ ನೀರು, ನಮ್ಮ ಕಾಲಿನ ನೀರು, ನೆಲವೆಲ್ಲ ಹೊಳೆಯುತ್ತಿತ್ತು.

ಆ ಮಂದಿರದವರ ಸ್ವಂತ ಮೈಕ್‌ಸೆಟ್ಟು ಇತ್ತು. ಎಲ್ಲ ತಂಡಗಳೂ ಅದರಲ್ಲೇ ಹಾಡಿ ಹೋಗುತ್ತಿದ್ದವು. ಭಾವ ಕೇಳಲಿಲ್ಲ. ಆ ವರ್ಷ ಅವನು ಹೊಸ ಆಂಪ್ಲಿಫಯರು ತಂದಿದ್ದ. ತಂದದ್ದನ್ನು ಬೇರೆ ಊರಿನವರ ಎದುರು ಬಳಸದೆ ಇರುವುದು ಹೇಗೆ?

"ಅವ್ರ್ ಸೆಟ್ಟಂಗೆ ನಮ್ ಕೀಬೋರ್ಡ್ ಕೇಳ್ದ್ರೆ ಡಬ್ಬಿ ಒಳಗಿನ್ ಕಪ್ಪೆ ಆತ್ತ್ ಭಾವ," ಎಂದ. "ಐದ್ ನಿಮಿಷ ಸಾಕ್ ನಂಗೆ."

ಅಲ್ಲಿಯವರು ಹಾಡುತ್ತಿರುವಾಗಲೇ ಅವನು ಬಗ್ಗಿ ಬಗ್ಗಿ ಹೋಗಿ ತನ್ನ ವಯರ್‌ಗಳನ್ನು ಎಳೆದ. ಕಂಬದ ಬುಡದಲ್ಲಿ ಎರಡು ತೂತಿನ ಹಳೆಯ ಬೋರ್ಡೊಂದಿತ್ತು. ಅವನ ಆಂಪ್ಲಿಫಯರಿನ ಪ್ಲಗ್ಗಿಗೆ ಇರಬೇಕಾದದ್ದು ಮೂರು ಕಾಲು. ನಮ್ಮ ಕಡೆಯ ಹಳೆಯ ಮಂದಿರಗಳಲ್ಲಿ ಮೂರನೆಯ ತೂತು ಇರುವುದಿಲ್ಲವೆಂದು ಅವನು ಅರ್ತಿನ ಆ ಮೂರನೆಯ ಕಾಲನ್ನು ಮುಂಚೆಯೇ ಮುರಿದಿಟ್ಟಿದ್ದ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಎಲ್ಲರೂ ನೋಡಿದ್ದರು. ಹಾಗೆ ಮುರಿಯುವುದು ಎಲ್ಲರೂ ಮಾಡುವುದೇ. ಕೀಬೋರ್ಡು, ಆಂಪ್ಲಿಫಯರು ಎರಡೂ ಆ ಒಂದೇ ಬೋರ್ಡಿನಿಂದ.

ಸೊಲ್ಲು ಹಿಡಿದೆವು. ಅವರು ಎದ್ದರು. ನಾವು ನೆಲೆಯಾದೆವು. ಮೊದಲ ಎರಡು ಪದ ಚೆನ್ನಾಗಿಯೇ ಹೋಯಿತು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಹೋಯಿತು. ಹೊಸ ಆಂಪ್ಲಿಫಯರಿನಲ್ಲಿ ಅವನ ಕೊಳಲಿನ ಸ್ವರ ಮಂದಿರದ ಹಂಚು ದಾಟಿ ಕಡಲಿಗೆ ಹೋಗುತ್ತಿತ್ತು. ಹೊರಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಬೇರೆ ತಂಡದವರು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ನಮ್ಮ ಬೆನ್ನು ಮಾತ್ರ. ನನ್ನ ಪೆಟ್ಟಿಯ ಸ್ವರ ನನಗೇ ಕೇಳಿಸುತ್ತಿರಲಿಲ್ಲ. ಗಾಳಿ ಹಾಕುತ್ತಿದ್ದೆ, ಬೆರಳಾಡಿಸುತ್ತಿದ್ದೆ, ಅಷ್ಟೇ. ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಿದ್ದರು. ನನ್ನ ಕಣ್ಣು ಮುಚ್ಚಲಿಲ್ಲ. ಅವನು ನುಡಿಸುವಾಗ ನನ್ನ ಕಣ್ಣು ಮುಚ್ಚಿದ್ದೇ ಇಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದೆ.

ಮೂರನೆಯ ಪದದ ನಡುವೆ ಅವನು ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಳ್ಳಲು ಎಡಗೈಯಲ್ಲಿ ಅದರ ಕಬ್ಬಿಣದ ಕೊರಳನ್ನು ಹಿಡಿದ. ಬಲಗೈ ಕೀಬೋರ್ಡಿನ ಮೇಲೆ ಮೇಲಿನ ಸ್ವರವೊಂದರಲ್ಲಿ ನಿಂತಿತ್ತು.

ಅಲ್ಲೇ ನಿಂತಿತು.

ಹಾರ್ಮೋನಿಯಂ ಆದರೆ ಗಾಳಿ ಹಾಕುವ ಕೈ ನಿಂತರೆ ಸ್ವರವೂ ನಿಲ್ಲುತ್ತದೆ. ಕೀಬೋರ್ಡಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಮನೆಯ ಮೇಲೆ ಬೆರಳಿನ ಭಾರ ಇದ್ದಷ್ಟು ಹೊತ್ತು ಅದು ನುಡಿಯುತ್ತಲೇ ಇರುತ್ತದೆ. ಆ ಸ್ವರ ನಿಂತೇ ಇತ್ತು. ಉದ್ದಕ್ಕೆ, ಅಲುಗದೆ, ತುಂಬಿಕೊಂಡು. ಹಿಂದಿನ ಸಾಲಿನವರು ಅದರ ಮೇಲೆ ಹಾಡಿಕೊಂಡು ಹೋದರು. ಅದನ್ನು ಕೇಳಿ ಅವರಿಗೆ ಇನ್ನಷ್ಟು ಹುರುಪು ಬಂತು. ಗುರಿಕಾರರು ಕಣ್ಣು ಮುಚ್ಚಿಕೊಂಡೇ "ಆಹಾ" ಎಂದರು. ಆಗ ನನ್ನ ಮನಸ್ಸಿನಲ್ಲಿ ಬಂದ ಮಾತು ನನಗೆ ಇಂದಿಗೂ ನೆನಪಿದೆ: ಎಷ್ಟು ಹೊತ್ತು ಹಿಡಿಯುತ್ತಾನೆ ಇವನು, ನನ್ನ ಪೆಟ್ಟಿಯಲ್ಲಿ ಇದು ಜನ್ಮದಲ್ಲಿ ಆಗುವುದಿಲ್ಲ, ನಾಳೆಯೇ ಅಂಗಡಿಗೆ ಹೋಗುತ್ತೇನೆ.

ಅವನದ್ದೊಂದು ಚಾಳಿ ಇತ್ತು. ಏನಾದರೂ ಬಿಗಿಯಾದದ್ದು ನುಡಿಸಿದ ಕೂಡಲೇ ಓರೆಗಣ್ಣಿನಲ್ಲಿ ನನ್ನನ್ನು ನೋಡುವುದು. ಕೇಳಿದೆಯಾ ಎಂದು. ಬೇರೆ ಯಾರನ್ನೂ ಅಲ್ಲ, ನನ್ನನ್ನೇ. ನಾನು ಆ ನೋಟಕ್ಕಾಗಿ ಕಾದೆ, ಬಂದಾಗ ಬೇರೆ ಕಡೆ ನೋಡುವ ಎಂದು ತಯಾರಾಗಿ ಕಾದೆ. ನೋಟ ಬರಲಿಲ್ಲ. ಅಷ್ಟು ದೊಡ್ಡ ಸ್ವರ ಹಿಡಿದು ಇವನು ನನ್ನ ಕಡೆ ನೋಡದೆ ಇರುವುದೆಂದರೇನು? ಆಗ ಅವನ ಮುಖ ನೋಡಿದೆ. ಬಾಯಿ ತೆರೆದಿತ್ತು, ಆದರೆ ಅದರಿಂದ ಹಾಡು ಬರುತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು, ಎಲ್ಲಿಯೂ ನೋಡುತ್ತಿರಲಿಲ್ಲ. ಮೈಕು ಹಿಡಿದ ಕೈಯ ಗೆಣ್ಣುಗಳು ಬಿಳಿಚಿಕೊಂಡು, ತೋಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು.

ಹೇಗೆ ಎದ್ದೆನೋ ತಿಳಿಯದು. ಪೆಟ್ಟಿ ನನ್ನ ತೊಡೆಯಿಂದ ಉರುಳಿ ಗಾಳಿ ಬಿಟ್ಟಿತು. ಕಂಬದ ಬುಡಕ್ಕೆ ಬಿದ್ದು ವಯರನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದೆ. ಬೋರ್ಡೇ ಕಿತ್ತುಕೊಂಡು ಬಂತು. ಮೈಕು ಸತ್ತಿತು. ಆ ಸ್ವರ ನಿಂತಿತು.

ಆಗ ಎಲ್ಲರೂ ಕಣ್ಣು ಬಿಟ್ಟರು. ಅವರು ಕಂಡದ್ದು ಕಿತ್ತ ಬೋರ್ಡು ಹಿಡಿದು ನಿಂತ ನನ್ನನ್ನು.

"ಎಂತ ಮಾಡ್ದೆ ನೀನ್!" ಗುರಿಕಾರರ ಧ್ವನಿ ಸಿಡಿಯಿತು. "ಸೊಲ್ಲ್ ತುಂಡ್ ಮಾಡುಕ್ ಹೊರಟ್ಯಾ?"

ಬಾಗಿಲ ಕಡೆಯಿಂದ ಯಾರೋ: "ಹೊಟ್ಟೆಕಿಚ್ಚಿಗೂ ಒಂದ್ ಮಿತಿ ಬ್ಯಾಡ್ದಾ ಮಾರಾಯ್ರೆ!"

ನಾನು ಭಾವನ ಕಡೆ ಬೆರಳು ತೋರಿಸಿದೆ. ಅಷ್ಟರಲ್ಲಿ ಭಾವ ಪಕ್ಕಕ್ಕೆ ವಾಲಿ ಕೀಬೋರ್ಡಿನ ಮೇಲೆ ಬಿದ್ದ. ತಂಗಿ ಹೆಂಗಸರ ಸಾಲಿನಿಂದ ಎದ್ದು, ಕೂತವರ ತಲೆ, ಹೆಗಲು ಯಾವುದನ್ನೂ ನೋಡದೆ ದಾಟಿಕೊಂಡು ಬಂದಳು. "ಅಣ್ಣ, ಉಸ್ರಿಲ್ಲೆ, ಅಣ್ಣ, ಉಸ್ರಿಲ್ಲೆ," ಎನ್ನುತ್ತಿದ್ದಳು. ಬೋಟಿನ ಜನ ಮುಳುಗಿದವರನ್ನು ಎತ್ತಿ ಗೊತ್ತಿದ್ದವರು. ಇಬ್ಬರು ಅವನನ್ನು ಅಂಗಾತ ಮಲಗಿಸಿ ಎದೆ ಒತ್ತಿದರು. ಒಬ್ಬ ಬಾಯಿಗೆ ಬಾಯಿಟ್ಟು ಗಾಳಿ ಊದಿದ. ನಾನು ಬೋರ್ಡು ಹಿಡಿದೇ ನಿಂತಿದ್ದೆ.

ಅಷ್ಟೆಲ್ಲದರ ನಡುವೆ ಹಿಂದೆ ಹೆಂಗಸರು ಹಾಡುವುದನ್ನು ಬಿಟ್ಟಿರಲಿಲ್ಲ. ಅಳುತ್ತಿದ್ದವರೂ ತಾಳ ಬಿಡಲಿಲ್ಲ. ಮೈಕಿಲ್ಲ, ಶ್ರುತಿಯಿಲ್ಲ, ನಡುಗುವ ಧ್ವನಿಯಲ್ಲಿ ಅದೇ ಒಂದು ಸಾಲು. ಆ ಸಾಲಿನ ಮೇಲೆಯೇ ಭಾವ ಒಮ್ಮೆ ಗೊರಗುಟ್ಟಿ ಉಸಿರೆಳೆದ. ಏಕಾಹ ತುಂಡಾಗಲಿಲ್ಲ ಎಂದು ಆ ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ.

ಜೀಪಿನಲ್ಲಿ ಬೈಂದೂರಿಗೆ, ಅಲ್ಲಿಂದ ಕುಂದಾಪುರದ ಆಸ್ಪತ್ರೆಗೆ. ಸಂಜೆಯ ಹೊತ್ತಿಗೆ ಅವನು ಎದ್ದು ಕೂತು ಗಂಜಿ ಕೇಳಿದ. ಅಂಗೈಯಲ್ಲಿ ಸುಟ್ಟ ಕಪ್ಪು ಗೆರೆ ಮಾತ್ರ ಉಳಿದಿತ್ತು. ನಾನು ಮಂಚದ ಪಕ್ಕದಲ್ಲಿ ನಿಂತಿದ್ದೆ. ಅವನು ಮೊದಲು ಕೇಳಿದ್ದು:

"ಭಾವ, ಕೀಬೋರ್ಡ್ ಹಾಳಾಯ್ತಾ?"

"ಸಾಯ್ತಿದ್ದೆ ನೀನ್, ಮಾರಾಯ."

"ಹೌದಂಬ್ರ್. ನಂಗ್ ಎಂತದೂ ಗೊತ್ತಿಲ್ಲೆ. ಮೈಕ್ ಎಳ್ಕಂಡದ್ ಗೊತ್ತಿತ್ತ್, ಮತ್ತೆ ಇವ್ಳ್ ಮುಖ ಕಂಡದ್ದ್. ನಡೂಗೆ ಖಾಲಿ."

ಆ ಖಾಲಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು. ಓದುವವರಿಗೆ ವಿಚಿತ್ರ ಅನ್ನಿಸಬಹುದು. ಕೀಬೋರ್ಡಿನ ಮೇಲಿನ ಹೊಟ್ಟೆಕಿಚ್ಚಾದರೂ ಅಂಗಡಿಗೆ ಹೋದರೆ ತಣಿಯುವಂಥದ್ದು. ಇದಕ್ಕೆ ಅಂಗಡಿಯಿಲ್ಲ. ಸಾವಿನ ಬಾಯಿಗೆ ಹೋಗಿ ಬಂದವನು ಅವನು, ಆದರೆ ಅದು ಅವನ ಹತ್ತಿರ ಇಲ್ಲ. ಪೂರ್ತಿ ನನ್ನ ಹತ್ತಿರ ಇದೆ. ಅವನು ಮನೆಗೆ ಬಂದ ವಾರದಲ್ಲೇ ಹೊಟ್ಟೆ ತುಂಬ ಮೀನು ಸಾರು ಉಂಡು ಗೊರಕೆ ಹೊಡೆದ. ನನಗೆ ನಿದ್ದೆಯಿಲ್ಲ. ಬಸ್ಸಿನವನು ತ್ರಾಸಿಯ ಕಡಲ ಬದಿಯಲ್ಲಿ ಹಾರನ್ ಒತ್ತಿ ಹಿಡಿದರೆ ನನ್ನ ಬೆನ್ನು ಬೆವರುತ್ತದೆ. ಸೊಸೈಟಿಯಲ್ಲಿ ಯಾರದೋ ಮೋಟಾರು ಬೈಕಿನ ಹಾರನ್ ಸಿಕ್ಕಿಕೊಂಡು ಕೂಗುತ್ತಿದ್ದಾಗ ನಾನು ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸಿದೆ. ಫ್ಯಾನು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಆ ಸ್ವರ ಎಷ್ಟು ಹೊತ್ತು ನಿಂತಿತ್ತೆಂದು ನಾನು ಮನಸ್ಸಿನಲ್ಲಿ ತಿರುಗಿ ತಿರುಗಿ ಕೇಳುತ್ತೇನೆ. ಪ್ರತಿ ಸಲವೂ ಅದು ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಒಂದೊಂದು ದಿನ ಅದು ಮುಗಿಯುವುದೇ ಇಲ್ಲ, ನಾನು ಎದ್ದು ಕಂಬದ ಕಡೆ ಹೋಗುತ್ತಲೇ ಇರುತ್ತೇನೆ.

ಊರಿನಲ್ಲಿ ನನ್ನನ್ನು ಹೊಗಳಿದರು. ಗುರಿಕಾರರು ಬೈದದ್ದಕ್ಕೆ ಬೇಸರ ಮಾಡಿಕೊಂಡು ಮನೆಗೇ ಬಂದರು. "ನಿಂಗೆ ಮಾತ್ರ ಹ್ಯಾಂಗ್ ಗೊತ್ತಾಯ್ತ್?" ಎಂದು ಎಲ್ಲರೂ ಕೇಳುವವರೇ. ಕಾಲೇಜು ಓದಿದವನಲ್ಲವೇ, ಕರೆಂಟಿನ ವಿಷಯ ತಿಳಿದಿರುತ್ತದೆ ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು. ನಾನು ಓದಿದ್ದು ಬಿ.ಕಾಂ.

ಇಷ್ಟಾದ ಮೇಲೆ ಸಾಮಾನಿನ ಆಸೆ ಹೋಗಿರಬೇಕು ಎಂದು ನೀವು ಅಂದುಕೊಂಡರೆ ತಪ್ಪು. ಅಂಗಡಿಯ ಮುಂದೆ ನನ್ನ ಕಾಲು ಈಗಲೂ ನಿಲ್ಲುತ್ತದೆ. ಕೆಲವು ವರ್ಷಗಳ ನಂತರ ಕೈಗೆ ದೊಡ್ಡ ಪರದೆಯ ಫೋನು ಬಂದ ಮೇಲೆ ಅಂಗಡಿಯೇ ಹಾಸಿಗೆಗೆ ಬಂತು. ಎಲ್ಲಿಯದೋ ದೇಶದ ಹುಡುಗ ಪೆಟ್ಟಿಗೆ ಒಡೆದು ಹೊಸ ಕೀಬೋರ್ಡು ಹೊರಗೆ ತೆಗೆಯುತ್ತಾನೆ, ನಾನು ಬೆಚ್ಚಗೆ ಮಲಗಿ ನೋಡುತ್ತೇನೆ. ಕೊಳ್ಳುವ ಬುಟ್ಟಿಗೆ ಹಾಕುತ್ತೇನೆ. ಹೊರಗೆ ತೆಗೆಯುತ್ತೇನೆ. ಮತ್ತೆ ಹಾಕುತ್ತೇನೆ. ಕೊನೆಗೆ ಅದನ್ನು ನುಡಿಸಿ ತೋರಿಸುವಾಗ ಆ ಹುಡುಗ ಒಂದು ಸ್ವರವನ್ನು ಉದ್ದಕ್ಕೆ ಹಿಡಿದೇ ಹಿಡಿಯುತ್ತಾನೆ. ಅಲ್ಲಿಗೆ ನಾನು ಫೋನು ಮುಚ್ಚಿಡುತ್ತೇನೆ. ನನ್ನದು ಸಂಯಮ ಎಂದು ತಂಗಿ ತಿಳಿದಿದ್ದಾಳೆ. ಕಪಾಟಿಗೆ ಹೊಸದೇನೂ ಬಾರದ್ದು ನೋಡಿ, "ಅಣ್ಣ ಗುಣ ಆಯ್ದ," ಎಂದು ಅಮ್ಮನಿಗೆ ಹೇಳಿದಳಂತೆ.

ಭಾವ ಆ ವರ್ಷಗಳಲ್ಲಿ ಏನೂ ತರಲಿಲ್ಲ. ತಂಗಿ ಬಿಡಲಿಲ್ಲ. ಬಿದ್ದು ಒಡೆದ ಕೀಬೋರ್ಡು ಅವರ ಅಟ್ಟ ಸೇರಿತು, ಆಂಪ್ಲಿಫಯರು ಗುಜರಿಗೆ ಹೋಯಿತು. ಮಂದಿರದಲ್ಲಿ ನನ್ನ ಪೆಟ್ಟಿ ಒಂದೇ. ಮೈಕಿನ ಎದುರಿನ ಜಾಗ ಮತ್ತೆ ನನ್ನದಾಯಿತು. ನಾನು ಬಯಸಿದ್ದೇ ಅದು. ಆದರೆ ನಾನು ನುಡಿಸುವಾಗ ಜನ ಅವನ ಕಡೆ ನೋಡುತ್ತಿದ್ದರು, ಪಾಪ ಎಂಬ ಹಾಗೆ. ಅವನು ಗಂಡಸರ ಸಾಲಿನಲ್ಲಿ ಕೂತು ಬರಿಗೈಯಲ್ಲಿ ತೊಡೆಯ ಮೇಲೆ ಬೆರಳಾಡಿಸುತ್ತಿದ್ದ. ಬರಿಗೈಯಲ್ಲೂ ಅವನ ಬೆರಳು ನನ್ನದಕ್ಕಿಂತ ಚೆನ್ನಾಗಿ ಓಡುತ್ತಿತ್ತು.

ಹೋದ ವರ್ಷ, ಬೋಟು ಕಡಲಿಗೆ ಇಳಿದು ಕೆಲವು ದಿನಗಳಾಗಿತ್ತು, ಭಾವ ಕುಂದಾಪುರದಲ್ಲಿ ನಾನು ಬಸ್ಸು ಇಳಿಯುವುದನ್ನೇ ಕಾಯುತ್ತಾ ನಿಂತಿದ್ದ.

"ಬಾ ಭಾವ, ಒಂಚೂರ್ ಅಂಗ್ಡಿಗ್ ಹೋಯ್ ಬಪ್ಪ. ತಕಂಬುಕಲ್ಲ, ಬರೀ ಕಾಂಬುಕೆ."

"ತಂಗಿಗ್ ಗೊತ್ತಿತ್ತಾ?"

"ಅವ್ಳೇ ಹೇಳಿದ್ದ್, ಅಣ್ಣನ್ ಕರ್ಕಂಡ್ ಹೋಯ್ನಿ ಅಂದೇಳಿ."

ಅಂಗಡಿಯವನು ಹೊಸದೊಂದನ್ನು ಮೇಜಿನ ಮೇಲಿಟ್ಟ. ನನ್ನ ಫೋನಿನ ಬುಟ್ಟಿಗೆ ಹೋಗಿ ಬಂದು ಮಾಡುತ್ತಿದ್ದುದು ಅದೇ. ಭಾವ ಕೂತು ಮುಟ್ಟಿದ. ಅಷ್ಟು ವರ್ಷ ಬಿಟ್ಟರೂ ಅವನ ಕೈಯಲ್ಲಿ ಅದು ಮೊದಲ ಸ್ವರಕ್ಕೇ ಎದ್ದು ಬಂತು. ಮೈಯೆಲ್ಲ ಉರಿಯಿತು ನನಗೆ. ಅವನು ಮೇಲಕ್ಕೆ ಹೋದ, ಒಂದು ಸ್ವರದಲ್ಲಿ ನಿಂತ, ಅದರ ಧ್ವನಿ ಎಷ್ಟು ಹೊತ್ತು ತುಂಬಿಕೊಂಡಿರುತ್ತದೆಂದು ಕಿವಿಗೊಟ್ಟು ಕೇಳುತ್ತಾ ಹಿಡಿದ. ನಾನು ಹೋಗಿ ಅವನ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆ ಎತ್ತಿದೆ. ಅಂಗಡಿಯವನು ನಕ್ಕ. ಭಾವ ನಗಲಿಲ್ಲ, ನನ್ನ ಕೈ ನೋಡಿದ. ಅದು ಅವನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.

ಹೊರಗೆ ಚಾ ಕುಡಿಯುತ್ತಾ, ಅಂದು ನಾನು ಕಂಡದ್ದನ್ನು ಮೊದಲ ಬಾರಿ ಅವನಿಗೆ ಹೇಳಿದೆ. ಸ್ವರ ಹೇಗೆ ನಿಂತಿತ್ತು, ಎಲ್ಲರೂ ಹೇಗೆ ಅದರ ಮೇಲೆ ಹಾಡಿದರು, ಗುರಿಕಾರರು ಆಹಾ ಎಂದದ್ದು, ಅವನ ಬಾಯಿ, ಕಣ್ಣು. ಅವನ ಚಾ ಆರಿತು.

"ಅಷ್ಟ್ ಜನ ಇದ್ದಿದ್ರಲೆ," ಎಂದ. "ಎಲ್ರೂ ಕಣ್ ಮುಚ್ಚಿದ್ರಾ?"

"ಎಲ್ರೂ."

"ನಿನ್ನ್ ಒಬ್ನ್ ಬಿಟ್ಟ್."

"ನನ್ನ್ ಒಬ್ನ್ ಬಿಟ್ಟ್."

ಅವನು ಲೋಟ ಕೆಳಗಿಟ್ಟ. ಆಮೇಲೆ ಅವನ ಮುಖದಲ್ಲಿ ಹಳೆಯ ನಗು ಬಂತು.

"ನಂಗ್ ಗೊತ್ತಿತ್ತ್ ಭಾವ. ತೊಂಬತ್ತೇಳ್ರಿಂದ ನಿನ್ ಕಣ್ ನನ್ ಬೆರಳ್ ಬಿಟ್ಟ್ ಹೋಯ್ಲಿಲ್ಲೆ. ಮುಂಚೆ ಸಿಟ್ಟ್ ಬತ್ತಿದ್ದಿತ್ತ್." ಅಂಗಡಿಯ ಕಡೆ ನೋಡಿ ಹೇಳಿದ: "ಆ ಕೀಬೋರ್ಡ್ ತಕಂತೆ ನಾನ್. ಮಂದಿರಕ್ಕೆ ಇಲೆಕ್ಟ್ರಿಷನ್ ಹತ್ರ ಹೇಳಿ ನೆಲಕ್ ಅರ್ತ್ ಹಾಕ್ಸ್ತೆ, ಮೂರ್ ತೂತಿನ ಬೋರ್ಡ್ ಹಾಕ್ಸ್ತೆ, ರಬ್ಬರ್ ಚಾಪೆ ತತ್ತೆ. ಆದ್ರೂ ಇವ್ಳ್ ಒಪ್ಪುದಿಲ್ಲೆ. ಒಂದೇ ಒಂದ್ ಮಾತ್ ಹೇಳಿದ್ಳ್: ನಾ ನುಡಿಸ್ಕಿದ್ರೆ ಸ್ವಿಚ್ಚಿನ್ ಹತ್ರ ನೀ ಕೂಕಣ್ಕ್ ಅಂಬ್ರ್. ಬೇರೆ ಯಾರೂ ಆಪ್ಪ್ದಲ್ಲ."

"ಪೆಟ್ಟಿ ಯಾರ್ ನುಡ್ಸುದ್?"

"ಸ್ವಿಚ್ಚಿನ್ ಹತ್ರ ಕೂಕಂಡವ್ನ್ ಕೈ ಖಾಲಿ ಇರ್ಕಲ್ದಾ ಭಾವ."

ಸ್ವಿಚ್ಚು ಇರುವುದು ಮಂದಿರದ ಹಿಂದಿನ ಗೋಡೆಯಲ್ಲಿ, ಚಪ್ಪಲಿ ಬಿಡುವ ಬಾಗಿಲ ಪಕ್ಕ. ಅಲ್ಲಿಂದ ದೇವರ ಫೋಟೋ ಅರ್ಧ ಕಾಣುತ್ತದೆ. ಬೇಡ ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ತಂಗಿ ಮನೆಯಲ್ಲಿ ಕಾದು ಕೂತಿರುತ್ತಾಳೆ ಎಂದು ನೆನಪಾಯಿತು. ಅಂದು ತಲೆಗಳನ್ನು ದಾಟಿಕೊಂಡು ಬಂದ ಅವಳ ಕಾಲು ನೆನಪಾಯಿತು. "ಆಯ್ತ್," ಎಂದೆ.

ಅಂಗಡಿಯವನು ಪೆಟ್ಟಿಗೆ ಕಟ್ಟಿಕೊಡುತ್ತಾ ನನ್ನ ಕಡೆ ತಿರುಗಿ, "ನಿಮ್ಗೆ ಎಂತದೂ ಬ್ಯಾಡ್ದಾ?" ಎಂದು ಕೇಳಿದ. ಇಷ್ಟು ವರ್ಷದ ಗಿರಾಕಿಯಲ್ಲವೇ. ಅವನ ಹಿಂದಿನ ಶೆಲ್ಫಿನಲ್ಲಿ ಮರದ ಹೊಳಪಿನ ಹೊಸ ಹಾರ್ಮೋನಿಯಂ ಒಂದಿತ್ತು. ಅದನ್ನು ಬೇಕೆಂದೇ ಮುಟ್ಟದೆ, "ಬ್ಯಾಡ," ಎಂದೆ.

ಈಗ ಶನಿವಾರ ನಾನು ಬಾಗಿಲ ಬದಿಯಲ್ಲಿ ಗೋಡೆಗೆ ಒರಗಿ ಕೂರುತ್ತೇನೆ. ಎಲ್ಲರೂ ಕಣ್ಣು ಮುಚ್ಚಿ ಹಾಡುತ್ತಾರೆ. ನನ್ನ ಒಂದು ಕೈ ಸ್ವಿಚ್ಚಿನ ಕೆಳಗೆ, ಕಣ್ಣು ಅವನ ಬೆರಳಿನ ಮೇಲೆ. ಅವನು ಸ್ವರ ಹಿಡಿದಷ್ಟು ಹೊತ್ತು ನಾನು ಉಸಿರು ಹಿಡಿದಿರುತ್ತೇನೆ. ಅವನು ಬಿಟ್ಟ ಮೇಲೆ ಬಿಡುತ್ತೇನೆ. ಕೀಬೋರ್ಡಿನ ಧ್ವನಿ ಮುಂದಿನ ಸಾಲಿಗಿಂತ ಅಲ್ಲಿ ಹಿಂದೆ ಕೂತವನಿಗೇ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ. ಅವನ ಕೈ ನನ್ನದಕ್ಕಿಂತ ಎಷ್ಟು ಮೇಲೆಂದು ಒಂದು ಸ್ವರವೂ ತಪ್ಪದೆ ಕೇಳಬೇಕು, ನನಗೆ ಸಂಕಟವಾಗುವುದು ಅದಕ್ಕೇ.